ವಿದ್ಯುತ್ ಕಡಿತ ಮತ್ತು ವರ್ಚುವಲ್ ಮೆಷಿನ್‌ಗಳ ದತ್ತಾಂಶ ರಕ್ಷಣೆ

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವು ಕುಸಿದು ದೆಹಲಿಯ ಮೆಟ್ರೋ ರೈಲುಗಳೂ ನಿಂತವು. 2020ರ ಅಕ್ಟೋಬರ್ 12ರಂದು ಮುಂಬೈ ನಗರದಲ್ಲಿಯೂ ವಿದ್ಯುತ್ ಪೂರೈಕೆ ಸ್ಥಗಿತಗೊಂಡಿತು. ಇಂತಹ ಸಂದರ್ಭಗಳಲ್ಲಿ ಗಣಕಯಂತ್ರದ ದಾಖಲೆಗಳನ್ನು ಕಾಪಾಡುವ ಬಗೆಯನ್ನು ಅರಿತಿರುವುದು ಅಗತ್ಯ.

ಒಂದೇ ಯಂತ್ರದೊಳಗೆ ತಂತ್ರಾಂಶದ ನೆರವಿನಿಂದ ಪ್ರತ್ಯೇಕವಾಗಿ ಕೆಲಸ ಮಾಡುವ ಗಣಕಗಳಿಗೆ ವರ್ಚುವಲ್ ಮೆಷಿನ್ ಎಂದು ಹೆಸರು. ಇಂತಹ ಗಣಕದ ಡಿಸ್ಕ್ ಸಾಮಾನ್ಯವಾಗಿ ಮೂಲ ಯಂತ್ರದಲ್ಲಿರುವ ಒಂದು ಕಡತವಷ್ಟೆ. ನಾವು ಉಳಿಸಿದ ಮಾಹಿತಿಯು ಮೊದಲು ಒಳಗಿನ ಗಣಕದ ಮೆಮೊರಿಯಲ್ಲಿ, ಅನಂತರ ಮೂಲ ಯಂತ್ರದ ಮೆಮೊರಿಯಲ್ಲಿ ತಂಗಿ, ಕಡೆಗೆ ಡಿಸ್ಕನ್ನು ಸೇರಬಹುದು. ಈ ನಡುವೆ ವಿದ್ಯುತ್ ಹೋದರೆ ಮೆಮೊರಿಯಲ್ಲಿದ್ದುದೆಲ್ಲ ಅಳಿಯುತ್ತದೆ. ಅರ್ಧ ಬರೆದ ಕಡತವೂ ಕೆಡಬಹುದು.

ಯು.ಪಿ.ಎಸ್. ಒಂದನ್ನು ಇರಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಅದರ ಬ್ಯಾಟರಿ ಮುಗಿದೊಡನೆ ಎಲ್ಲ ಗಣಕಗಳೂ ಒಮ್ಮೆಲೇ ನಿಲ್ಲುತ್ತವೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಲೇಸು:

1. ಯು.ಪಿ.ಎಸ್. ಅನ್ನು ಕೇಬಲ್ ಮೂಲಕ ಮೂಲ ಯಂತ್ರಕ್ಕೆ ಜೋಡಿಸಿ, ಬ್ಯಾಟರಿ ಮುಗಿಯುವ ಮೊದಲೇ ಯಂತ್ರವು ತಾನಾಗಿ ಮುಚ್ಚುವಂತೆ ಏರ್ಪಡಿಸಬೇಕು.

2. ವರ್ಚುವಲ್ ಮೆಷಿನ್‌ಗಳು ಮೊದಲು, ಮೂಲ ಯಂತ್ರವು ಕಡೆಗೆ ಮುಚ್ಚಬೇಕು. ಇದಕ್ಕೆ ತಗಲುವ ಸಮಯವನ್ನು ಅಳೆದು, ಬ್ಯಾಟರಿಯು ಅಷ್ಟು ಹೊತ್ತು ಬಾಳುವುದೇ ಎಂದು ಆಗಾಗ ಪರೀಕ್ಷಿಸಬೇಕು.

3. ವೇಗಕ್ಕಾಗಿ ಡಿಸ್ಕಿಗೆ ಬರೆಯುವುದನ್ನು ಮುಂದೂಡುವ ಅಸುರಕ್ಷಿತ ಆಯ್ಕೆಗಳನ್ನು ಬಳಸಬಾರದು.

4. ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟ್ ಬ್ಯಾಕಪ್ ಆಗಲಾರದು. ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನಿರಿಸಿ, ಅದರಿಂದ ದಾಖಲೆಗಳು ಮರಳಿ ದೊರೆಯುವುದನ್ನು ಖಚಿತಪಡಿಸಿಕೊಳ್ಳಬೇಕು.