ಕಂಪ್ಯೂಟರಿನ ಪರದೆಯು ಕತ್ತಲಾದಾಗ

ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರ ಮನೆಗಳಲ್ಲಿ ಹದಿನೈದು ಇಪ್ಪತ್ತು ವರುಷಗಳ ಹಿಂದೆ ಕೊಂಡ ಮೇಜಿನ ಕಂಪ್ಯೂಟರೊಂದು ಇನ್ನೂ ಕೆಲಸಮಾಡುತ್ತಲಿರುವದು. ಮನೆಯ ಲೆಕ್ಕಪತ್ರಗಳು, ಮದುವೆಯ ಚಿತ್ರಗಳು, ಮಕ್ಕಳ ಪಾಠದ ಬರಹಗಳು, ಇವೆಲ್ಲವೂ ಅದರಲ್ಲಿಯೇ ಕೂಡಿರುವವು. ಒಂದು ದಿನ ಅದರ ಚಪ್ಪಟೆ ಪರದೆಯು ತಟ್ಟನೆ ಕತ್ತಲಾದರೆ ಮನೆಯವರಿಗೆ ಎರಡು ಭಯಗಳುಂಟಾಗುವವು. ಕೂಡಿಟ್ಟದ್ದೆಲ್ಲಾ ಹೋಯಿತೆಂಬದು ಒಂದು. ಹೊಸ ಯಂತ್ರಕ್ಕೆ ಹಣ ಹೊಂದಿಸಬೇಕಾಯಿತೆಂಬದು ಇನ್ನೊಂದು. ಪರದೆಯೂ ಪೆಟ್ಟಿಗೆಯೂ ಬೇರೆ ಬೇರೆಯಾಗಿರುವ ಯಂತ್ರಗಳಲ್ಲಿ ಮೊದಲನೆಯ ಭಯಕ್ಕೆ ಆಧಾರವೇ ಇಲ್ಲ. ಯಾಕಂದರೆ ಮಾನಿಟರೆಂಬ ಪರದೆಯಲ್ಲಿ ಒಂದಕ್ಷರವಾದರೂ ಶೇಖರವಾಗಿರುವದಿಲ್ಲ. ಬರೆದದ್ದೆಲ್ಲವೂ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿರುವದು. ಎರಡನೆಯ ಭಯವೂ ಅನೇಕ ವೇಳೆ ಅವಸರದ್ದೇ ಎಂದು ನಾವು ಎಣಿಸುತ್ತೇವೆ.

ಮೊದಲು ತಿಳಿಯತಕ್ಕದ್ದು, ದೋಷವು ಪೆಟ್ಟಿಗೆಯಲ್ಲಿಯೋ ಪರದೆಯಲ್ಲಿಯೋ ಎಂಬದು. ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿರಿ. ಒತ್ತಿದ ಹಾಗೆಲ್ಲಾ ಅಲ್ಲಿಯ ಸಣ್ಣ ದೀಪವು ಹೊತ್ತಿ ಆರುತ್ತಿದ್ದರೆ ಕಂಪ್ಯೂಟರು ಎಚ್ಚರವಾಗಿಯೇ ಇರುವದು. ಆಗ ಗಾಬರಿಗೊಂಡು ಗೋಡೆಯ ಸ್ವಿಚ್ಚನ್ನು ಆರಿಸಬಾರದು. ಕಡತಗಳು ಕೆಡುವದು ಪರದೆಯ ಕತ್ತಲಿನಿಂದಲ್ಲ, ಈ ಅವಸರದಿಂದಲೇ. ಪೆಟ್ಟಿಗೆಯ ಮುಂದಿನ ಗುಂಡಿಯನ್ನು ಒಂದೇ ಸಾರಿ ಮೆಲ್ಲಗೆ ಒತ್ತಿ ಬಿಟ್ಟು ಎರಡು ಮೂರು ನಿಮಿಷ ತಾಳಿದರೆ ಸಾಮಾನ್ಯವಾಗಿ ಯಂತ್ರವು ಕ್ರಮವಾಗಿ ತಾನೇ ಮುಚ್ಚಿಕೊಳ್ಳುವದು. ಆ ಮೇಲೆ ನೆರೆಮನೆಯ ಮಾನಿಟರೊಂದನ್ನು ಅರ್ಧ ಗಂಟೆಗೆ ಕೇಳಿ ತಂದು ಜೋಡಿಸಿರಿ. ಇದಕ್ಕಿಂತ ನಿಶ್ಚಯವಾದ ಪರೀಕ್ಷೆಯು ಬೇರೆ ಇಲ್ಲ. ಅದರಲ್ಲಿ ಚಿತ್ರವು ಬಂದರೆ ಮುಖ್ಯವಾದ ಚಿತ್ರಗಳನ್ನೂ ಬರಹಗಳನ್ನೂ ಆ ಹೊತ್ತಿಗೇ ಪೆನ್ ಡ್ರೈವಿಗೆ ಇಳಿಸಿಕೊಳ್ಳುವದು ಜಾಣತನ.

ಕೇಬಲಿನ ವಿಷಯವು ಚಿಕ್ಕದು. ಹಳೇ ವಿಜಿಎ ಕೇಬಲಿನ ತುದಿಯಲ್ಲಿ ೧೫ ಮುಳ್ಳುಗಳ ಸ್ಥಾನಗಳುಂಟು. ಕೆಂಪು, ಹಸುರು, ನೀಲಿ ಈ ಮೂರು ಬಣ್ಣಗಳು ಒಂದೊಂದು ಮುಳ್ಳಿನಲ್ಲಿ ಬೇರೆ ಬೇರೆಯಾಗಿ ಬರುವವು. ಆದಕಾರಣ ಬಿಳಿಯ ಪುಟವು ಹಳದಿಯಾಗಿ ಕಂಡರೆ ನೀಲಿಯು ತಪ್ಪಿದೆ ಎಂದೂ, ಹಸುರು ಬೆರೆತ ನೀಲಿಯಾಗಿ ಕಂಡರೆ ಕೆಂಪು ತಪ್ಪಿದೆ ಎಂದೂ ತಿಳಿಯಬಹುದು. ಬಾಗಿದ ಮುಳ್ಳನ್ನು ನೆಟ್ಟಗೆಮಾಡಿ, ಎರಡು ತಿರುಪುಗಳನ್ನು ಬಿಗಿಮಾಡಿದರೆ ಸಾಕಾಗುವದುಂಟು. ಸಿಗ್ನಲ್ ಇಲ್ಲವೆಂಬ ಬರಹವು ಕಾಣುತ್ತಿದ್ದರೆ ಆ ಮಾನಿಟರನ್ನು ದೂಷಿಸಲಾಗದು. ಅದನ್ನು ಬರೆದು ತೋರಿಸಿದ್ದು ಅದೇ ಅಲ್ಲವೇ? ಹಾಗೆಯೇ ಮಾನಿಟರಿನ ಮೆನು ಗುಂಡಿಯನ್ನು ಒತ್ತಿದಾಗ ಬರುವ ಪಟ್ಟಿಯನ್ನು ಮಾನಿಟರು ತಾನೇ ಬರೆಯುವದು. ಪಟ್ಟಿಯು ಸ್ವಚ್ಛವಾಗಿದ್ದು ಉಳಿದ ಚಿತ್ರವು ಮಾತ್ರ ಕೆಟ್ಟಿದ್ದರೆ ದೋಷವನ್ನು ಕೇಬಲಿನಲ್ಲಿಯೂ ಪೆಟ್ಟಿಗೆಯಲ್ಲಿಯೂ ಹುಡುಕಬೇಕು.

ಇನ್ನು ನಿಜವಾಗಿ ಕತ್ತಲಾದ ಪರದೆಯ ವಿಚಾರ. ಇದರ ಗಾಜುಗಳ ನಡುವೆ ಇರುವದು ದ್ರವಸ್ಫಟಿಕವು. ಅಂದರೆ ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುವ ವಸ್ತು. ಇದನ್ನು ೧೮೮೮ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯ ದೇಶದ ಸಸ್ಯಶಾಸ್ತ್ರಜ್ಞರಾದ ಫ್ರೀಡ್ರಿಖ್ ರೈನಿಟ್ಸರ್. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲುಂಟೆಂದು ಹೇಳಲು ಸಂತೋಷಪಡುತ್ತೇವೆ. ಅಲ್ಲಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಶಿವರಾಮಕೃಷ್ಣ ಚಂದ್ರಶೇಖರರೂ ಅವರ ಸಂಗಡಿಗರೂ ೧೯೭೭ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕವನ್ನು ಕಂಡುಹಿಡಿದರು. ಓರೆಯಿಂದ ನೋಡಿದರೂ ಚಿತ್ರವು ಮಾಸದಿರಲೆಂದು ಅನೇಕ ಪರದೆಗಳಿಗೆ ಅಂಟಿಸುತ್ತಿದ್ದ ತೆಳುಹಾಳೆಯಲ್ಲಿ ಇಂಥ ಬಿಲ್ಲೆಯಣುಗಳೇ ಇದ್ದವು.

ಆದರೆ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಅದು ಕಿಟಕಿಯ ಬಾಗಿಲಿನ ಹಾಗೆ ಹಿಂದಿನ ಬೆಳಕನ್ನು ಬಿಡುವದು ಅಥವಾ ತಡೆಯುವದು, ಅಷ್ಟೇ. ಸುಮಾರು ೨೦೧೦ರ ವರೆಗೆ ಮಾಡಿದ ಮಾನಿಟರುಗಳಲ್ಲಿ ಹೆಚ್ಚಿನವಕ್ಕೆ ಆ ಬೆಳಕು ಕಡ್ಡಿಯಷ್ಟು ಸಣ್ಣಗಿನ ಗಾಜಿನ ಕೊಳವೆಗಳಿಂದ ಬರುತ್ತಿತ್ತು. ಇವು ನಮ್ಮ ಮನೆಗಳ ಟ್ಯೂಬ್ ಲೈಟಿನ ಜಾತಿಯವೇ. ಅದರ ತರುವಾಯ ಎಲ್‌ಇಡಿ ದೀಪಗಳು ಬಂದವು. ಆದದರಿಂದ ಕೋಣೆಯನ್ನು ಕತ್ತಲೆಮಾಡಿ, ಯಂತ್ರವು ನಡೆಯುತ್ತಿರುವಾಗ, ಟಾರ್ಚಿನ ಬೆಳಕನ್ನು ಪರದೆಯ ಹತ್ತಿರದಿಂದ ಓರೆಯಾಗಿ ಬಿಡಿರಿ. ಮಂಜಿನೊಳಗಿನ ಮರಗಳಂತೆ ಅಕ್ಷರಗಳು ಮಸಕಾಗಿ ಕಂಡರೆ ಪೆಟ್ಟಿಗೆಯೂ ಕೇಬಲೂ ಪರದೆಯ ಗಾಜೂ ಕ್ಷೇಮವಾಗಿರುವವು. ಆರಿದ್ದು ಹಿಂದಿನ ದೀಪ ಮಾತ್ರ. ಟಾರ್ಚು ಹಿಡಿಯುವಷ್ಟು ತಾಳ್ಮೆಯೂ ಇಲ್ಲದೆ ಮಾನಿಟರು ಸತ್ತಿತೆಂದು ತೀರ್ಪುಕೊಡುವವರ ಮಾತನ್ನು ನಂಬಿ ಹಣ ಕೊಡಬೇಡಿರಿ.

ದೀಪವು ಆರುವದಕ್ಕೆ ಕಾರಣಗಳು ಮೂರು ನಾಲ್ಕು. ತೆರೆದಾಗ ಪರದೆಯು ಬಹಳ ಹೊತ್ತು ನಸುಗೆಂಪಾಗಿದ್ದರೆ ಕೊಳವೆಯು ಮುದಿಯಾಗಿದೆ. ಚಿತ್ರವು ಒಂದೆರಡು ಸೆಕೆಂಡು ಚೆನ್ನಾಗಿ ಬಂದು ಆರಿಹೋಗುತ್ತಿದ್ದರೆ, ಕೊಳವೆಗೆ ವಿದ್ಯುತ್ತನ್ನು ಏರಿಸಿಕೊಡುವ ಇನ್ವರ್ಟರೆಂಬ ಭಾಗವು ಏನೋ ಕೊರತೆಯನ್ನು ಕಂಡು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ. ಆ ಕೊರತೆಯು ಎಷ್ಟೋ ಸಾರಿ ಕೆಪಾಸಿಟರುಗಳಲ್ಲಿರುವದು. ಇವು ವಿದ್ಯುತ್ತನ್ನು ಸಮವಾಗಿ ಹರಿಯಿಸುವ ಸಣ್ಣ ಡಬ್ಬಿಗಳು. ಒಳಗಿನ ದ್ರಾವಣವು ವರುಷಗಟ್ಟಲೆ ಶಾಖಕ್ಕೆ ಒಣಗುವದು, ಇಲ್ಲವೆ ಅನಿಲವಾಗಿ ಮೇಲಿನ ಮುಚ್ಚಳವನ್ನು ಉಬ್ಬಿಸುವದು. ಸುಮಾರು ೧೯೯೯ರಿಂದ ೨೦೦೭ರ ವರೆಗೆ ದೋಷವುಳ್ಳ ಕೆಪಾಸಿಟರುಗಳು ಲೋಕದಲ್ಲೆಲ್ಲಾ ಹರಡಿ ಲೆಕ್ಕವಿಲ್ಲದ ಯಂತ್ರಗಳನ್ನು ಕೆಡಿಸಿದವು. ಆ ಕಾಲದ ಮಾನಿಟರು ನಿಮ್ಮದಾಗಿದ್ದರೆ ಮೊದಲ ಸಂಶಯವು ಇದರ ಮೇಲೆಯೇ ಇರಲಿ. ಈ ಡಬ್ಬಿಗಳ ಬೆಲೆಯು ಕೆಲವೇ ರೂಪಾಯಿಗಳು; ಉಳಿದದ್ದು ಕೆಲಸಗಾರನ ಕೂಲಿ.

ಆದರೂ ಮಾನಿಟರಿನ ಬೆನ್ನನ್ನು ಮನೆಯಲ್ಲಿ ಬಿಚ್ಚಲೇ ಕೂಡದು. ೨೩೦ ವೋಲ್ಟಿನ ಮನೆಯ ವಿದ್ಯುತ್ತು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು ೩೨೫ ವೋಲ್ಟಾಗಿ ತುಂಬಿರುವದು, ಪ್ಲಗ್ಗನ್ನು ಕಿತ್ತ ಮೇಲೆಯೂ ಸ್ವಲ್ಪ ಕಾಲ ಅಲ್ಲಿಯೇ ನಿಂತಿರಬಹುದು. ಕೊಳವೆಗಾದರೋ ಹೊತ್ತಿಕೊಳ್ಳಲು ಸಾವಿರಕ್ಕೂ ಮೇಲ್ಪಟ್ಟ ವೋಲ್ಟು ಬೇಕು. ರೇಡಿಯೋ ಟೀವಿ ದುರಸ್ತಿ ಬಲ್ಲವನಿಗೆ ಕೊಟ್ಟು, ಟಾರ್ಚಿನಲ್ಲಿ ನೀವು ಕಂಡದ್ದನ್ನು ಹೇಳಿರಿ. ಎಷ್ಟಾಗುವದೆಂದು ಮೊದಲೇ ಕೇಳಿರಿ. ಹಳೇ ಮಾನಿಟರು ಕೊಳ್ಳುವ ಬೆಲೆಯ ಅರ್ಧವನ್ನು ಅದು ಮೀರಿದರೆ ದುರಸ್ತಿಯನ್ನು ನಾವು ಸೂಚಿಸಲಾರೆವು.

ಮೇಲಿಂದ ಕೆಳಗೆ ಗೆರೆಗಳು ಯಾವಾಗಲೂ ಒಂದೇ ಸ್ಥಳದಲ್ಲಿ, ಮೆನುವಿನ ಮೇಲೂ ಹಾದು ಕಾಣುತ್ತಿದ್ದರೆ, ಗಾಜಿನ ಅಂಚಿಗೆ ಅಂಟಿಸಿದ ಸೂಕ್ಷ್ಮ ತಂತುಗಳು ಸಾಮಾನ್ಯವಾಗಿ ಬಿಟ್ಟಿರುವವು. ಅದಕ್ಕೆ ಹಣ ಸುರಿಯುವದು ವ್ಯರ್ಥ. ಅಂಥ ಮಾನಿಟರನ್ನು ಕಸದ ಗಾಡಿಗೂ ಹಾಕಬಾರದು, ಯಾಕಂದರೆ ಕೊಳವೆಗಳಲ್ಲಿ ಪಾದರಸವುಂಟು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಣಿಯಾದ ಸಂಸ್ಥೆಯವರಿಗೆ ಒಪ್ಪಿಸಿರಿ. ಕೇಬಲನ್ನು ಮಾತ್ರ ಬಿಚ್ಚಿಟ್ಟುಕೊಳ್ಳಿರಿ. ಮುಂದೆ ತರುವ ಮಾನಿಟರಿಗೆ ಒದಗೀತು.