ಸ್ವಂತ ಹಣದ ಷೇರು ವ್ಯಾಪಾರ: ತರುಣರನ್ನು ಸೆಳೆಯುತ್ತಿರುವ ಹೊಸ ಉದ್ಯೋಗ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದ ನಮ್ಮ ನೆರೆಯ ಗೃಹಸ್ಥರು ಒಂದು ಸಂಜೆ ಚಿಂತಾಕ್ರಾಂತರಾಗಿ ನಮ್ಮ ಮನೆಗೆ ಬಂದರು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಅದನ್ನು ಬಿಟ್ಟು ‘ಪ್ರಾಪ್ ಫರ್ಮ್’ ಒಂದನ್ನು ಸೇರುವೆನೆಂದು ಹಟ ಹಿಡಿದಿದ್ದನು.

“ಅದೇನು ಕಂಪೆನಿಯೋ ನನಗೆ ತಿಳಿಯದು, ಸ್ವಾಮಿ. ಸೇರಬೇಕಾದರೆ ಮೊದಲು ಇವನೇ ನಲವತ್ತು ಸಾವಿರ ಕಟ್ಟಬೇಕಂತೆ. ದುಡಿಯುವವನು ಕೂಲಿ ಪಡೆಯುವುದನ್ನು ಕಂಡಿದ್ದೇನೆ, ಕೂಲಿ ಕೊಡುವುದನ್ನು ಕಂಡಿಲ್ಲ” ಎಂದರು.

ಷೇರುಪೇಟೆಯನ್ನು ಎಂದೂ ನೋಡದ ಆ ಹಿರಿಯರು ವಿಷಯದ ತಿರುಳನ್ನೇ ಹಿಡಿದಿದ್ದರು. ಆದರೆ ಮಗನ ಆಸೆಯೂ ಬರಿಯ ಹುಚ್ಚಲ್ಲ. ಅಂತಹ ಉದ್ಯೋಗ ನಿಜವಾಗಿಯೂ ಉಂಟು. ಅದರ ಹೆಸರನ್ನು ಮುಂದಿಟ್ಟುಕೊಂಡ ಮೋಸವೂ ಉಂಟು. ಎರಡನ್ನೂ ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮಂಡಿಯ ಇಬ್ಬರು ವರ್ತಕರು

ಯಶವಂತಪುರದ ಮಾರುಕಟ್ಟೆಯನ್ನು ನೆನೆಯಿರಿ. ಅಲ್ಲಿ ರೈತನ ಈರುಳ್ಳಿಯನ್ನು ಮಾರಿಸಿಕೊಟ್ಟು ದಲ್ಲಾಳಿ ಪಡೆಯುವವನೊಬ್ಬ. ತನ್ನ ಹಣದಿಂದಲೇ ಕೊಂಡು, ಲಾಭನಷ್ಟಗಳೆರಡನ್ನೂ ತಾನೇ ಹೊತ್ತು ಮಾರುವವನು ಇನ್ನೊಬ್ಬ. ಮೊದಲನೆಯವನಿಗೆ ಬೆಲೆ ಏರಿದರೂ ಇಳಿದರೂ ದಲ್ಲಾಳಿ ಬಂದೇ ಬರುತ್ತದೆ. ಎರಡನೆಯವನು ಲೆಕ್ಕ ತಪ್ಪಿದರೆ ಬಂಡವಾಳ ಹೋಯಿತು. ಷೇರುಪೇಟೆಯಲ್ಲಿ ಗಿರಾಕಿಯ ಹಣವನ್ನು ಮುಟ್ಟದೆ, ಸ್ವಂತ ಬಂಡವಾಳದಿಂದಲೇ ವಹಿವಾಟು ನಡೆಸುವ ಈ ಎರಡನೆಯ ಬಗೆಯ ಸಂಸ್ಥೆಗೆ ‘ಪ್ರಾಪ್ ಫರ್ಮ್’ ಎಂದು ಹೆಸರು.

ಇವರ ಗಳಿಕೆ ಬಹುಮಟ್ಟಿಗೆ ಸಣ್ಣ ಸಣ್ಣ ಅಂತರಗಳಿಂದ ಬರುವುದು. ನೂರು ರೂಪಾಯಿಗೆ ಕೊಳ್ಳಲು, ನೂರು ರೂಪಾಯಿ ಐದು ಪೈಸೆಗೆ ಮಾರಲು ಸದಾ ಸಿದ್ಧರಾಗಿರುವುದು ಒಂದು ವಿಧಾನ. ಒಂದೇ ಸರಕಿಗೆ ಎರಡು ಕಡೆ ಎರಡು ಬೆಲೆಯಿದ್ದರೆ ಅಗ್ಗವಾದ ಕಡೆ ಕೊಂಡು ತುಟ್ಟಿಯಾದ ಕಡೆ ಮಾರುವುದು ಇನ್ನೊಂದು. ಐದು ಪೈಸೆಯ ಲಾಭವು ದಿನಕ್ಕೆ ಲಕ್ಷಾಂತರ ಬಾರಿ ಕೂಡಿದಾಗ ಮೊತ್ತವು ದೊಡ್ಡದಾಗುತ್ತದೆ. ಈ ಕೆಲಸವನ್ನು ಕೈಯಿಂದ ಮಾಡಲಾಗದು. ಆದುದರಿಂದ ಸಂಸ್ಥೆಗಳು ವಿನಿಮಯ ಕೇಂದ್ರದ ಯಂತ್ರಾಗಾರದಲ್ಲಿಯೇ ಬಾಡಿಗೆ ತೆತ್ತು ತಮ್ಮ ಕಂಪ್ಯೂಟರುಗಳನ್ನು ಇರಿಸುತ್ತವೆ.

ಬೆಂಗಳೂರಿಗೆ ಷೇರುಪೇಟೆ ಹೊಸತಲ್ಲ. 1957ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಷೇರು ವಿನಿಮಯ ಕೇಂದ್ರವು 1963ರಲ್ಲಿ ಮಾನ್ಯತೆ ಪಡೆಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ಆರಂಭಿಸಿದ ಬಳಿಕ ವ್ಯಾಪಾರವೆಲ್ಲ ಮುಂಬಯಿಯತ್ತ ಹರಿಯಿತು. 2014ರಲ್ಲಿ ನಮ್ಮ ಕೇಂದ್ರವು ಆ ಪದವಿಯಿಂದ ನಿವೃತ್ತವಾಯಿತು. ಕೂಗಿ ವ್ಯಾಪಾರ ಮಾಡುವವರ ಕಾಲ ಮುಗಿದು, ಕ್ರಮವಿಧಿ ಬರೆಯುವವರ ಕಾಲ ಬಂದಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತರುಣರು ಈ ಕಡೆ ಕಣ್ಣು ಹಾಯಿಸಲು ಇದೇ ಕಾರಣ.

ಎದುರಿಗೆ ಕುಳಿತವನಾರು?

ಮನೆಯಲ್ಲಿ ಕುಳಿತು ದೂರವಾಣಿಯ ಪರದೆಯ ಮೇಲೆ ಆಪ್ಷನ್ಸ್ ಕೊಳ್ಳುವ ಗೃಹಸ್ಥನು ತನ್ನ ಎದುರಾಳಿಯನ್ನು ಕಾಣನು. ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಇವರೆಲ್ಲರ ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. 2023-24ರಲ್ಲಿ, ವೆಚ್ಚಗಳನ್ನು ಕಳೆಯುವ ಮೊದಲು, ಸ್ವಂತ ಖಾತೆಯ ವ್ಯಾಪಾರಿಗಳು ಗಳಿಸಿದ್ದು ಸುಮಾರು 33,000 ಕೋಟಿ. ಅದರಲ್ಲಿ ನೂರಕ್ಕೆ 96 ಪಾಲು ಯಂತ್ರದ ಲೆಕ್ಕಾಚಾರದಿಂದ ಬಂದದ್ದು.

ಈ ಕಸಬು ಸಮಾಜಕ್ಕೆ ಹಿತವೇ ಎಂಬ ಪ್ರಶ್ನೆಯೂ ಇದೆ. ಕೊಳ್ಳುವವನೂ ಮಾರುವವನೂ ಸದಾ ದೊರೆಯುವಂತೆ ಮಾಡುವುದು ಇವರ ಉಪಕಾರ. ಬಲವು ಮಿತಿಮೀರಿದರೆ ಅಪಾಯವೂ ಉಂಟು. 2025ರ ಜುಲೈಯಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಎಂಬ ಸಂಸ್ಥೆಯು ಸೂಚ್ಯಂಕವನ್ನು ಏರುಪೇರು ಮಾಡಿತೆಂದು ಆರೋಪಿಸಿ ಸೆಬಿಯು 4,843 ಕೋಟಿ ರೂಪಾಯಿಗಳ ಮುಟ್ಟುಗೋಲಿಗೆ ಮಧ್ಯಂತರ ಆದೇಶ ನೀಡಿತು. ಸಂಸ್ಥೆಯು ಆರೋಪವನ್ನು ನಿರಾಕರಿಸಿ ಮೇಲ್ಮನವಿ ಸಲ್ಲಿಸಿತು.

ನಿಜವಾದ ಬಾಗಿಲು

ಗುರುಗ್ರಾಮದ ಟವರ್ ರಿಸರ್ಚ್, ಗ್ರಾವಿಟಾನ್, ಮುಂಬಯಿಯ ಆಲ್ಫಾಗ್ರೆಪ್ ಮೊದಲಾದ ಸಂಸ್ಥೆಗಳು ತರುಣರನ್ನು ಸಂಬಳಕ್ಕೆ ತೆಗೆದುಕೊಳ್ಳುತ್ತವೆ. ಇಂತಹ ಕಡೆ ಮೂರು ಬಗೆಯ ಕೆಲಸಗಳುಂಟು: ಬೆಲೆಗಳ ನಡೆಯನ್ನು ಗಣಿತದಿಂದ ಶೋಧಿಸುವವರು, ಕ್ಷಣಾರ್ಧದಲ್ಲಿ ಓಡುವ ಕ್ರಮವಿಧಿ ಬರೆಯುವವರು, ವಹಿವಾಟನ್ನು ಕಾಯುವವರು. ಸಿ++, ಪೈಥಾನ್ ಭಾಷೆಗಳೂ ಸಂಭವನೀಯತೆಯ ಗಣಿತವೂ ಚೆನ್ನಾಗಿ ತಿಳಿದಿರಬೇಕು. ವೇಗಕ್ಕಾಗಿ ವಿಶೇಷ ಚಿಪ್ಪುಗಳನ್ನು ಬಳಸುವುದರಿಂದ ಚಿಪ್ ವಿನ್ಯಾಸ ಬಲ್ಲವರಿಗೂ ಅವಕಾಶವುಂಟು.

ಸಂದರ್ಶನದಲ್ಲಿ ಕೇಳುವ ಪ್ರಶ್ನೆಯ ಮಾದರಿಯೊಂದು ಹೀಗಿದೆ. ದಾಳವೊಂದನ್ನು ಉರುಳಿಸಿ, ಬಿದ್ದಷ್ಟು ರೂಪಾಯಿ ಕೊಡುತ್ತೇನೆ. ಈ ಆಟಕ್ಕೆ ನೀವೆಷ್ಟು ಕೊಡಬಹುದು? ಒಂದರಿಂದ ಆರರವರೆಗಿನ ಸರಾಸರಿ ಮೂರೂವರೆ. ಅದೇ ನ್ಯಾಯವಾದ ಬೆಲೆ. ಮೊದಲ ಗರ ಹಿಡಿಸದಿದ್ದರೆ ಮತ್ತೊಮ್ಮೆ ಉರುಳಿಸಬಹುದೆಂದರೆ? ನಾಲ್ಕು, ಐದು, ಆರು ಬಿದ್ದರೆ ಉಳಿಸಿಕೊಂಡು, ಕಡಿಮೆ ಬಿದ್ದರೆ ಮತ್ತೆ ಉರುಳಿಸುವುದು ಜಾಣತನ. ಆಗ ಬೆಲೆ ನಾಲ್ಕೂಕಾಲು ರೂಪಾಯಿ. ಆಯ್ಕೆಯ ಹಕ್ಕಿಗೆ ಮುಕ್ಕಾಲು ರೂಪಾಯಿ ಬೆಲೆ ಬಂದಿತು! ‘ಆಪ್ಷನ್’ ಎಂಬುದರ ಸಾರವೇ ಇದು. ಭವಿಷ್ಯ ಹೇಳುವವರು ಅಲ್ಲಿ ಬೇಡ. ಹೀಗೆ ತೂಗಿ ನೋಡುವವರು ಬೇಕು.

ಬಣ್ಣ ಬಳಿದ ಬಾಗಿಲು

ನಮ್ಮ ನೆರೆಯವರ ಮಗನು ಕಂಡದ್ದು ಬೇರೆಯ ಬಾಗಿಲು. ಅಲ್ಲಿ ಶುಲ್ಕ ಕಟ್ಟಿ ‘ಪರೀಕ್ಷೆ’ಗೆ ಕೂರಬೇಕು. ದಿನದ ನಷ್ಟ ಇಂತಿಷ್ಟನ್ನು ಮೀರಿದರೆ ಶುಲ್ಕ ಮುಳುಗಿತು, ಮತ್ತೆ ಕಟ್ಟಬೇಕು. ಇಂತಹ ಹಲವೆಡೆ ವಹಿವಾಟು ಪೇಟೆಯನ್ನು ಮುಟ್ಟುವುದೇ ಇಲ್ಲ. ಸೋತವರ ಶುಲ್ಕವೇ ಆದಾಯ. ವಿದೇಶೀ ನಾಣ್ಯಗಳ ವ್ಯಾಪಾರವಾದರೆ ಕಾನೂನಿನ ತೊಡಕು ಬೇರೆ. ಅನುಮತಿಯಿಲ್ಲದ ಇಂತಹ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರಿಂದ ಪ್ರಕಟಿಸುತ್ತಿದೆ.

ಆದಕಾರಣ ತಂದೆತಾಯಿಗಳು ಮೂರು ಪ್ರಶ್ನೆ ಕೇಳಿದರೆ ಸಾಕು. ಹಣ ಯಾರಿಂದ ಯಾರಿಗೆ ಹೋಗುತ್ತದೆ? ನಷ್ಟವಾದರೆ ಹೊರುವವರಾರು? ಸಂಸ್ಥೆಯು ಯಾವ ವಿನಿಮಯ ಕೇಂದ್ರದ ಸದಸ್ಯ, ಅಥವಾ ಯಾವ ಸದಸ್ಯರ ಮೂಲಕ ವ್ಯವಹರಿಸುತ್ತದೆ?

ಮರುವಾರ ತಂದೆಯು ಈ ಪ್ರಶ್ನೆಗಳನ್ನು ಮಗನ ಮುಂದಿಟ್ಟರು. ಮೊದಲೆರಡಕ್ಕೆ ಅವನು ತಡವರಿಸಿದನು. ಮೂರನೆಯದಕ್ಕೆ ಉತ್ತರ ಹುಡುಕಲು ಹೋಗಿ ಬರಿಗೈಯಲ್ಲಿ ಮರಳಿದನು. ನಲವತ್ತು ಸಾವಿರ ಉಳಿಯಿತು. ಹುಡುಗನು ಕೆಲಸ ಬಿಟ್ಟಿಲ್ಲ. ರಾತ್ರಿ ಊಟವಾದ ಮೇಲೆ ಗಣಿತದ ಪುಸ್ತಕ ಹಿಡಿದು ಕೂರುತ್ತಾನೆ.

“ಇವನು ಓದುವುದು ನನಗೆ ಅರ್ಥವಾಗುವುದಿಲ್ಲ, ಸ್ವಾಮಿ. ಆದರೆ ಕೈಗೆ ಕಸಬು ಬಂದ ಮೇಲೆ ಕೂಲಿ ತಾನೇ ಬರುತ್ತದೆ ಎಂಬುದು ಗೊತ್ತು” ಎಂದು ಹಿರಿಯರು ಮೊನ್ನೆ ನಕ್ಕರು.