ಯಾವ ಕೆಲಸಕ್ಕೆ ಯಾವ ಟೇಬಲ್? ಪುರಸಭೆಯ ಒಳಗೆ ಒಂದು ಸುತ್ತು



ಬಂದಳಿಕೆ ಹತ್ತಿರದ ಒಂದು ಹಳ್ಳಿಯ ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿಯಿತು, ಸಾಲದ ಕಂತು ಬರೆದಾಯಿತು. ಒಬ್ಬ ಸದಸ್ಯೆ ಮಾತ್ರ ಮಾತಾಡದೆ ಮೂಲೆಯಲ್ಲಿ ಕುಳಿತಿದ್ದರು. ಎರಡು ತಿಂಗಳ ಹಿಂದೆ ಅವರ ಯಜಮಾನರು ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡಿದ್ದರು. ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಮರಣ ಪ್ರಮಾಣಪತ್ರ ಬೇಕು.

"ಮೂರು ದಿನ ತಿರುಗಾಡ್ದೆ ಸಿಸ್ಟರ್. ಒಬ್ರು ಅಲ್ಲಿ ಹೋಗು ಅಂತಾರೆ, ಇನ್ನೊಬ್ರು ಇಲ್ಲಿ ಬರಬೇಡ ಅಂತಾರೆ. ಜೋಳ ಮುರಿಯೋ ಕೂಲಿನೂ ಹೋಯ್ತು, ಕೆಲಸನೂ ಆಗ್ಲಿಲ್ಲ" ಅಂತ ಅವರು ಕಣ್ಣೀರು ಹಾಕಿದರು.

ಮೊದಲ ದಿನ ಅವರು ತಮ್ಮ ಹಳ್ಳಿಯ ಪಂಚಾಯಿತಿಗೆ ಹೋಗಿದ್ದರು. ಎರಡನೆಯ ದಿನ ತಾಲ್ಲೂಕು ಕಚೇರಿ. ಮೂರನೆಯ ದಿನ ಮತ್ತೆ ತಾಲ್ಲೂಕು ಕಚೇರಿ. ಆದರೆ ಜನನ ಮರಣಗಳ ನೋಂದಣಿ ಆಗುವುದು ನಾವು ವಾಸವಿರುವ ಊರಿನಲ್ಲಿ ಅಲ್ಲ. ಜನನ ಅಥವಾ ಮರಣ ಎಲ್ಲಿ ಆಯಿತೋ ಅಲ್ಲಿಯೇ ಆಗಬೇಕು. ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಆದ ಮರಣ ಆ ಪಟ್ಟಣದ ಆಡಳಿತ ಕಚೇರಿಯಲ್ಲಿ ದಾಖಲಾಗುತ್ತದೆ. ನಮ್ಮ ಕಾರ್ಯಕರ್ತೆ ಒಬ್ಬರು ಜೊತೆಗೆ ಹೋದರು. ನರ್ಸಿಂಗ್ ಹೋಮಿನವರು ಮಾಹಿತಿಯನ್ನು ಆಗಲೇ ಕಳಿಸಿದ್ದರು. ಆರೋಗ್ಯ ವಿಭಾಗದ ಟೇಬಲ್ ಮುಂದೆ ಅರ್ಧ ಗಂಟೆಯಲ್ಲಿ ಅರ್ಜಿ ಬರೆದು ಕೊಟ್ಟಾಯಿತು.

ಯಾರ ತಪ್ಪು ಅಂತ ಹೇಳಲು ಈ ಮಾತು ಎತ್ತಲಿಲ್ಲ. ಬಾಗಿಲು ಗೊತ್ತಿಲ್ಲದಿದ್ದರೆ ಬಡವರ ಕೂಲಿ ಹೋಗುತ್ತದೆ. ಬಾಗಿಲು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಅದಕ್ಕೇ ಈ ಸಲ ಪುರಸಭೆ ಅಂದರೆ ಏನು, ಅದರೊಳಗೆ ಯಾರ ಜವಾಬ್ದಾರಿ ಯಾವುದು ಎಂದು ತಿಳಿಯೋಣ.

ಹಳ್ಳಿಗೆ ಪಂಚಾಯಿತಿ, ಪಟ್ಟಣಕ್ಕೆ ಏನು?

ಬಂದಳಿಕೆಯಂಥ ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ ಇದೆ, ಅದು ನಮಗೆಲ್ಲ ಗೊತ್ತು. ಪಟ್ಟಣಗಳ ಆಡಳಿತಕ್ಕೆ ಬೇರೆ ಸಂಸ್ಥೆಗಳಿವೆ. ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಜನ ಇರುವ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ, ಅದಕ್ಕಿಂತ ದೊಡ್ಡದಕ್ಕೆ ಮಹಾನಗರ ಪಾಲಿಕೆ. ನಮ್ಮ ಜಿಲ್ಲೆಯಲ್ಲೇ ನೋಡಿ: ಶಿಕಾರಿಪುರದಲ್ಲಿ ಪುರಸಭೆ, ಸಾಗರದಲ್ಲಿ ನಗರಸಭೆ, ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ. ಬೆಂಗಳೂರು ತುಂಬಾ ದೊಡ್ಡದಾದ ಕಾರಣ 2025ರ ಸೆಪ್ಟೆಂಬರಿನಿಂದ ಅಲ್ಲಿ ಒಂದರ ಬದಲು ಐದು ಪಾಲಿಕೆಗಳಾಗಿವೆ. ಹೆಸರು ಬೇರೆ ಬೇರೆಯಾದರೂ ಒಳಗಿನ ಕಟ್ಟು ಹೆಚ್ಚು ಕಡಿಮೆ ಒಂದೇ. ಒಂದನ್ನು ಅರ್ಥ ಮಾಡಿಕೊಂಡರೆ ಮಗಳನ್ನು ಕೊಟ್ಟ ಊರಿನಲ್ಲೂ ದಾರಿ ತಪ್ಪುವುದಿಲ್ಲ.

ಪುರಸಭೆಗಳು ನಡೆಯುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಂತೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದ ಮೇಲೆ ಈ ಸಂಸ್ಥೆಗಳಿಗೆ ಐದು ವರ್ಷದ ಅವಧಿ, ಮಹಿಳೆಯರಿಗೆ ಮೀಸಲು ಸ್ಥಾನ ಎರಡೂ ಖಚಿತವಾದವು.

ನಿರ್ಣಯ ಮಾಡುವವರು, ಜಾರಿಗೆ ತರುವವರು

ನಮ್ಮ ಸಂಘವನ್ನೇ ನೆನಪಿಸಿಕೊಳ್ಳಿ. ಯಾರಿಗೆ ಸಾಲ ಕೊಡಬೇಕು ಎಂದು ಸಭೆಯಲ್ಲಿ ಎಲ್ಲರೂ ಕೂಡಿ ತೀರ್ಮಾನಿಸುತ್ತೇವೆ, ನಿರ್ಣಯ ಪುಸ್ತಕದಲ್ಲಿ ಬರೆಯುತ್ತೇವೆ. ಆಮೇಲೆ ಪ್ರತಿನಿಧಿಗಳು ಬ್ಯಾಂಕಿಗೆ ಹೋಗಿ ಹಣ ತರುತ್ತಾರೆ. ತೀರ್ಮಾನ ಒಂದು ಕೆಲಸ, ಜಾರಿ ಇನ್ನೊಂದು ಕೆಲಸ. ಪುರಸಭೆಯಲ್ಲೂ ಹೀಗೇ ಎರಡು ಭಾಗ.

ಮೊದಲನೆಯದು ಜನ ಆರಿಸಿದ ಭಾಗ. ಶಿಕಾರಿಪುರ ಪುರಸಭೆಗೆ 23 ವಾರ್ಡುಗಳು, ವಾರ್ಡಿಗೊಬ್ಬರು ಸದಸ್ಯರು. ಅವರೊಳಗೇ ಅಧ್ಯಕ್ಷರು, ಉಪಾಧ್ಯಕ್ಷರು ಆಯ್ಕೆಯಾಗುತ್ತಾರೆ. ಸ್ಥಾಯಿ ಸಮಿತಿ ಇರುತ್ತದೆ. ಶಾಸಕರು, ಲೋಕಸಭಾ ಸದಸ್ಯರಿಗೂ ಸಭೆಯಲ್ಲಿ ಸ್ಥಾನವಿದೆ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಮಾತಾಡಬಹುದು, ಆದರೆ ಮತ ಹಾಕುವಂತಿಲ್ಲ. ಬಜೆಟ್ ಒಪ್ಪುವುದು, ಯಾವ ಬೀದಿಗೆ ಚರಂಡಿ ಎಂದು ನಿರ್ಣಯಿಸುವುದು ಈ ಸಭೆಯ ಕೆಲಸ. ಅವಧಿ ಮುಗಿದು ಚುನಾವಣೆ ಆಗದಿದ್ದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಆಗ ನಮ್ಮ ಬೇಡಿಕೆ ಕೊಡಬೇಕಾದ್ದು ಅವರಿಗೆ.

ಎರಡನೆಯದು ನೌಕರರ ಭಾಗ. ಇದರ ತಲೆ ಮುಖ್ಯಾಧಿಕಾರಿ. ನಗರಸಭೆಯಾದರೆ ಪೌರಾಯುಕ್ತರು, ಪಾಲಿಕೆಯಾದರೆ ಆಯುಕ್ತರು ಅನ್ನುತ್ತಾರೆ. ಸಭೆಯ ನಿರ್ಣಯ ಜಾರಿ ಮಾಡುವುದು, ಪ್ರಮಾಣಪತ್ರ ಪರವಾನಗಿಗಳಿಗೆ ಜವಾಬ್ದಾರರಾಗುವುದು, ನೌಕರರಿಂದ ಕೆಲಸ ಮಾಡಿಸುವುದು ಅವರ ಹೊಣೆ.

ಹಾಗಾಗಿ ನೆನಪಿಡಿ: ಬೀದಿಗೆ ಹೊಸ ನಲ್ಲಿ ಬೇಕು ಅಂದರೆ ಅದು ಸಭೆಯ ನಿರ್ಣಯ, ವಾರ್ಡ್ ಸದಸ್ಯರನ್ನು ಹಿಡಿಯಬೇಕು. ಇದ್ದ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂದರೆ ಅದು ನೌಕರರ ಕೆಲಸ, ಕಚೇರಿಗೆ ಹೋಗಬೇಕು.

ಕಟ್ಟಡದ ಒಳಗೆ ಆರು ವಿಭಾಗ

ಹೊರಗಿನಿಂದ ಒಂದೇ ಕಟ್ಟಡ. ಒಳಗೆ ಹೋದರೆ ಟೇಬಲ್ ಮೇಲೆ ಟೇಬಲ್. ಸಣ್ಣ ಊರುಗಳಲ್ಲಿ ಒಬ್ಬರೇ ಎರಡು ವಿಭಾಗ ನೋಡಿಕೊಳ್ಳುವುದೂ ಉಂಟು. ಆದರೂ ಕೆಲಸಗಳು ಹೀಗೆ ಹಂಚಿಕೆಯಾಗಿವೆ:

1. ಆಡಳಿತ ವಿಭಾಗ: ಇದು ಕಚೇರಿಯ ಹೊಸ್ತಿಲು. ನಾವು ಕೊಟ್ಟ ಅರ್ಜಿ ಟಪಾಲಿನಲ್ಲಿ ದಾಖಲಾಗಿ ಸಂಬಂಧಪಟ್ಟವರಿಗೆ ಹೋಗುವುದು ಇಲ್ಲಿಂದ. ಸಭೆಯ ನಡಾವಳಿ, ನೌಕರರ ವಿಷಯವೂ ಇಲ್ಲೇ.

2. ಕಂದಾಯ ವಿಭಾಗ: ಮನೆ, ನಿವೇಶನ, ಅಂಗಡಿಗಳ ಆಸ್ತಿ ತೆರಿಗೆ ಮತ್ತು ಖಾತೆ. ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರ್ ಈ ವಿಭಾಗದವರು. ಹಣಕಾಸು ವರ್ಷ ಶುರುವಾಗುವ ಏಪ್ರಿಲ್ ತಿಂಗಳಲ್ಲೇ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ. ಬಹಳ ತಡ ಮಾಡಿದರೆ ದಂಡ. ಯಜಮಾನರು ತೀರಿಕೊಂಡ ಮೇಲೆ ಮನೆಯ ಖಾತೆ ನಿಮ್ಮ ಹೆಸರಿಗೆ ಬರಬೇಕಾದರೂ ಇದೇ ಟೇಬಲ್. ತೆರಿಗೆ ಕಟ್ಟಿದ ರಸೀದಿ ಮನೆ ಗಂಡಸರ ಜೇಬಿನಲ್ಲಿ ಇರಬಾರದು, ಪೆಟ್ಟಿಗೆಯಲ್ಲಿರಬೇಕು.

3. ಆರೋಗ್ಯ ವಿಭಾಗ: ಹೆಸರು ಕೇಳಿ ಆಸ್ಪತ್ರೆ ಅಂದುಕೊಳ್ಳಬೇಡಿ. ಊರಿನ ನೈರ್ಮಲ್ಯ ಇವರ ಕೆಲಸ. ಕಸ ಒಯ್ಯುವುದು, ಚರಂಡಿ ಶುಚಿ ಮಾಡಿಸುವುದು, ಸೊಳ್ಳೆ ನಿಯಂತ್ರಣ ಎಲ್ಲ ಇಲ್ಲಿ. ಬೆಳಗಿನ ಜಾವ ನಾವು ಏಳುವ ಮುಂಚೆ ಬೀದಿ ಗುಡಿಸುವ ಪೌರಕಾರ್ಮಿಕರು ಈ ವಿಭಾಗದವರು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಅವರ ಕೈಗೆ ನಾವು ತೋರಿಸುವ ಮರ್ಯಾದೆ. ಹೋಟೆಲ್, ಅಂಗಡಿ, ಹಪ್ಪಳ ಉಪ್ಪಿನಕಾಯಿ ಘಟಕಗಳಿಗೆ ಉದ್ದಿಮೆ ಪರವಾನಗಿ ಕೇಳಬೇಕಾದ್ದೂ ಇಲ್ಲೇ. ಜನನ ಮರಣ ನೋಂದಣಿಯೂ ಇಲ್ಲೇ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕ ತೋರಿಸಲು ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದ್ದರಿಂದ ಬಾಣಂತನದ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ.

4. ಇಂಜಿನಿಯರಿಂಗ್ ವಿಭಾಗ: ರಸ್ತೆ, ಚರಂಡಿ ಕಟ್ಟುವುದು, ಬೀದಿ ದೀಪ, ಕುಡಿಯುವ ನೀರು, ಮನೆ ಕಟ್ಟುವ ಪರವಾನಗಿ. ಗಮನಿಸಿ: ಚರಂಡಿ ಕಟ್ಟುವವರು ಇಲ್ಲಿ, ಶುಚಿ ಮಾಡಿಸುವವರು ಆರೋಗ್ಯ ವಿಭಾಗದಲ್ಲಿ. ಚರಂಡಿ ಒಡೆದಿದ್ದರೆ ಇಂಜಿನಿಯರ್, ಕಟ್ಟಿಕೊಂಡಿದ್ದರೆ ಆರೋಗ್ಯ ನಿರೀಕ್ಷಕರು. ಬಹಳ ಅರ್ಜಿಗಳು ಅಲ್ಲಿಂದಿಲ್ಲಿಗೆ ಸುತ್ತುವುದು ಈ ಒಂದು ಗೊಂದಲದಿಂದಲೇ.

5. ಲೆಕ್ಕ ವಿಭಾಗ: ಬಂದ ಹಣ, ಹೋದ ಹಣ. ಇದರ ಹತ್ತಿರ ನಮಗೆ ನೇರ ಕೆಲಸ ಕಡಿಮೆ. ಆದರೆ ಒಂದು ಲೆಕ್ಕ ನಮಗೆ ಗೊತ್ತಿರಬೇಕು. ಪುರಸಭೆಯ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಇದು ಯಾರೂ ಕೊಡುವ ದಾನವಲ್ಲ. ನಮ್ಮ ಪಾಲು ಎಲ್ಲಿಗೆ ಹೋಯಿತು ಎಂದು ಕೇಳಬಹುದು.

6. ಸಮುದಾಯ ವಿಭಾಗ: ಪಟ್ಟಣದ ಸಂಘಗಳಿಗೆ ಇದೇ ತವರು. ಇಲ್ಲಿ ಸಮುದಾಯ ಸಂಘಟಕರು ಇರುತ್ತಾರೆ. 1997ರಲ್ಲಿ ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆ ಬಂತು, 2013ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂತು. ಯೋಜನೆಯ ಹೆಸರು ಬದಲಾಗುತ್ತದೆ, ಟೇಬಲ್ ಅದೇ ಇರುತ್ತದೆ. ಸೊಪ್ಪು, ಹಣ್ಣು, ಹೂವು ಮಾರುವ ಅಕ್ಕಂದಿರು ಕೇಳಿಸಿಕೊಳ್ಳಿ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲದ ಅರ್ಜಿಗೂ ಇವರನ್ನೇ ಕೇಳಿ. ಮೊದಲ ಕಂತು 10 ಸಾವಿರವಿದ್ದದ್ದು 2025ರಲ್ಲಿ 15 ಸಾವಿರ ಆಯಿತು. ಇನ್ನು ಹಳ್ಳಿಯ ಸಂಘಗಳು ಬರುವುದು ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಕಡೆಗೆ, ಪುರಸಭೆಗಲ್ಲ.

ಇಲ್ಲಿ ಆಗದ ಕೆಲಸಗಳು

ಇದನ್ನು ತಿಳಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ರೇಷನ್ ಕಾರ್ಡು ಆಹಾರ ಇಲಾಖೆಯದು. ವಿಧವಾ ವೇತನ, ವೃದ್ಧಾಪ್ಯ ವೇತನ, ಜಾತಿ ಆದಾಯ ಪತ್ರ ಇವೆಲ್ಲ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿ. ಹೊಲದ ಪಹಣಿಯೂ ಅಲ್ಲೇ. ಕರೆಂಟು ಮೆಸ್ಕಾಂನದು, ಬೀದಿ ದೀಪ ಮಾತ್ರ ಪುರಸಭೆ ನೋಡುತ್ತದೆ. ಅಂಗನವಾಡಿ, ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಶಾಲೆ ಬಿಇಒ ಕಚೇರಿಗೆ, ತಾಲ್ಲೂಕು ಆಸ್ಪತ್ರೆ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದವು.

ಕೆಲಸ ಆಗದಿದ್ದರೆ?

ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಪ್ರಮಾಣಪತ್ರ, ಖಾತೆ ಬದಲಾವಣೆ, ಪರವಾನಗಿಗಳಂಥ ಕೆಲಸಗಳು ಸಕಾಲದಲ್ಲಿ ಬರುತ್ತವೆ. 2011ರ ಈ ಕಾಯ್ದೆಯ ಪ್ರಕಾರ ಒಂದೊಂದು ಕೆಲಸಕ್ಕೂ ಇಷ್ಟು ದಿನ ಎಂದು ಗಡುವಿದೆ. ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಮಗಿದೆ. ಆಗುವುದಿಲ್ಲ ಅಂದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. "ನಾಳೆ ಬಾ" ಅನ್ನುವ ಮಾತು ಹಿಂಬರಹವಲ್ಲ.

ವಿಭಾಗದಲ್ಲಿ ಆಗದಿದ್ದರೆ ಮುಖ್ಯಾಧಿಕಾರಿಯ ಹತ್ತಿರ, ಅಲ್ಲೂ ಆಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಬಹುದು. ರಾಜ್ಯದ ಮಟ್ಟದಲ್ಲಿ ಪೌರಾಡಳಿತ ನಿರ್ದೇಶನಾಲಯ ಇದೆ. ಲೆಕ್ಕಪತ್ರ ನೋಡಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕದ ಅರ್ಜಿ ಸಾಕು, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಬಂದಳಿಕೆಯ ಜಕ್ಕಿಯಬ್ಬೆ

"ಇದೆಲ್ಲ ಗಂಡಸರ ವ್ಯವಹಾರ, ನಮಗ್ಯಾಕೆ ಸಿಸ್ಟರ್?" ಅಂತ ಕೆಲವರು ಕೇಳುತ್ತಾರೆ. ಬಂದಳಿಕೆಯ ಹಾಳು ಗುಡಿ ಬಸದಿಗಳ ನಡುವೆ ಓಡಾಡಿದವರು ಹಾಗೆ ಕೇಳಬಾರದು. ಅಲ್ಲಿನ ಹತ್ತನೇ ಶತಮಾನದ ಆರಂಭದ ಒಂದು ಶಾಸನ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳ ಕಥೆ ಹೇಳುತ್ತದೆ. ಗಂಡ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಅಂದರೆ ಎಪ್ಪತ್ತು ಹಳ್ಳಿಗಳ ಆಡಳಿತ ಅವನ ಕೈಯಲ್ಲಿತ್ತು. ಅವನು ತೀರಿಕೊಂಡ ಮೇಲೆ ರಾಷ್ಟ್ರಕೂಟರ ಕಾಲದ ಆ ಆಡಳಿತ ಜಕ್ಕಿಯಬ್ಬೆಗೆ ಬಂತು. ಆಕೆ ಅದನ್ನು ಸಮರ್ಥವಾಗಿ ನಡೆಸಿದಳು. ಕಾಯಿಲೆ ಬಿದ್ದಾಗ ಜವಾಬ್ದಾರಿಯನ್ನು ಮಗಳಿಗೆ ವಹಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಸಾವಿರದ ನೂರು ವರ್ಷದ ಹಿಂದೆ, ನಮ್ಮ ಇದೇ ನೆಲದಲ್ಲಿ!

ಇಂದು ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಆ ಕುರ್ಚಿಯಲ್ಲಿ ಸದಸ್ಯೆ ಕೂರಬೇಕು, ಆಕೆಯ ಯಜಮಾನರಲ್ಲ. ಸಂಘದಲ್ಲಿ ಲೆಕ್ಕ ಬರೆಯಲು, ಸಭೆ ನಡೆಸಲು ಕಲಿತ ನಮ್ಮ ಅಕ್ಕತಂಗಿಯರಿಗೆ ಅದು ಕಷ್ಟವಲ್ಲ.

ಆ ಸದಸ್ಯೆ ಮುಂದಿನ ತಿಂಗಳ ಸಭೆಗೆ ಮರಣ ಪ್ರಮಾಣಪತ್ರ ತಂದಿದ್ದರು. ಅದನ್ನು ತೋರಿಸಿ ಸುಮ್ಮನಾಗಲಿಲ್ಲ. ಪಕ್ಕದವರ ಸೊಸೆಗೆ ಮಗುವಿನ ಜನನ ಪತ್ರ ಬೇಕಿತ್ತು. "ಹೆರಿಗೆ ಎಲ್ಲಾಯ್ತು? ಮೊದಲು ಅದು ಹೇಳು" ಅಂತ ಅವರೇ ಕೇಳುತ್ತಿದ್ದರು.

ಮುಂದಿನ ಸಭೆಯಲ್ಲಿ ಚರ್ಚಿಸಿ

- ನಿಮ್ಮ ಹತ್ತಿರದ ಪಟ್ಟಣದಲ್ಲಿ ಇರುವುದು ಪುರಸಭೆಯೋ, ಪಟ್ಟಣ ಪಂಚಾಯಿತಿಯೋ? ಕಚೇರಿಯ ಫಲಕ ನೋಡಿ ಬನ್ನಿ.
- ನಮ್ಮ ಸದಸ್ಯೆಯರಲ್ಲಿ ಯಾರ ಅರ್ಜಿ ಎಲ್ಲಿ ನಿಂತಿದೆ? ಅದು ಯಾವ ವಿಭಾಗದ ಕೆಲಸ?
- ಒಬ್ಬರೇ ಹೋಗಬೇಡಿ. ಯಾರು ಯಾರ ಜೊತೆ ಹೋಗುತ್ತೀರಿ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.